ಟಿನಿಟಸ್ ಇರುವ ಕಿವಿಯೊಂದಿಗೆ ಗದ್ದಲದ ನಡುವೆ: ನನ್ನ ಅನುಭವ

ಹೊರಗೆ ಸದ್ದಿಲ್ಲದಿದ್ದರೂ ಕಿವಿಯೊಳಗೆ ಮೊರೆತ ಕೇಳಿಸುವ ಟಿನಿಟಸ್ ಎಂಬ ತೊಂದರೆ ಇರುವವರಿಗೆ ನಿಶ್ಶಬ್ದವೊಂದೇ ಕಷ್ಟ, ಜನಜಂಗುಳಿಯಲ್ಲಿದ್ದರೆ ಕಿವಿಯೊಳಗಿನ ಮೊರೆತ ಮುಚ್ಚಿಹೋಗಿ ಹಾಯೆನಿಸುತ್ತದೆ ಎಂದು ಈ ತೊಂದರೆ ಇಲ್ಲದವರು ಸಾಮಾನ್ಯವಾಗಿ ತಿಳಿದುಕೊಂಡಿರುತ್ತಾರೆ. ಅದರಲ್ಲಿ ಅರ್ಧದಷ್ಟು ನಿಜವಿದೆ. ಮಳೆಯ ಸದ್ದು, ಫ್ಯಾನಿನ ಸದ್ದು, ದೂರದ ರಸ್ತೆಯ ಮಂದವಾದ ಸದ್ದು ನನಗೂ ಹಿತವೇ. ಆದರೆ ತುಂಬಿದ ಉಪಾಹಾರ ಗೃಹ, ರೈಲು ನಿಲ್ದಾಣ, ಧ್ವನಿವರ್ಧಕವಿರುವ ಸಭಾಂಗಣ, ಸಿನಿಮಾ ಮಂದಿರ ಇವು ಬೇರೆಯೇ ಬಗೆಯ ಜಾಗಗಳು. ಅಲ್ಲಿ ಸದ್ದು ಒಂದೇ ಸಮನೆ ಇರುವುದಿಲ್ಲ, ಅದನ್ನು ಕಡಿಮೆ ಮಾಡುವ ಗುಂಡಿ ನಮ್ಮ ಕೈಯಲ್ಲಿರುವುದಿಲ್ಲ, ಮತ್ತು ಅಲ್ಲಿಂದ ಹೊರಬಂದ ಮೇಲೆ ಮೊರೆತ ಎಷ್ಟು ಏರಿರುತ್ತದೋ ಎಂಬ ಆತಂಕ ಒಳಗೆ ಹೋಗುವ ಮೊದಲೇ ಶುರುವಾಗಿರುತ್ತದೆ. ಹಲವು ವರ್ಷಗಳಿಂದ ಈ ಕಿವಿಗಳೊಂದಿಗೆ ಬದುಕುತ್ತ, ಇಂತಹ ಜಾಗಗಳಿಗೆ ಹೋಗುವುದನ್ನು ಬಿಡದೆ ಉಳಿಸಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಎರಡೂ ಕಿವಿಗಳಲ್ಲಿ ಸಣ್ಣನೆಯ, ಎತ್ತರದ ಸಿಳ್ಳೆಯಂತಹ ಸದ್ದು ನಿರಂತರವಾಗಿ ಕೇಳಿಸುತ್ತದೆ. ಎಡಗಡೆ ಸ್ವಲ್ಪ ಹೆಚ್ಚು. ಶ್ರವಣ ಪರೀಕ್ಷೆಯಲ್ಲಿ ಹೆಚ್ಚಿನ ಕಂಪನಾಂಕದ ಸದ್ದುಗಳನ್ನು ಗ್ರಹಿಸುವ ಶಕ್ತಿ ಕುಂದಿರುವುದು ಕಂಡುಬಂತು, ಮತ್ತು ಮೊರೆತದ ಶ್ರುತಿಯೂ ಹೆಚ್ಚುಕಡಿಮೆ ಅದೇ ಕಂಪನಾಂಕಗಳ ವ್ಯಾಪ್ತಿಯಲ್ಲಿದೆ. ಇದು ಕಾಕತಾಳೀಯವಲ್ಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಹಾಳಾಗಿ ಮಿದುಳಿಗೆ ಬರುವ ಸಂಕೇತ ಕಡಿಮೆಯಾದಾಗ, ದೂರದ ಆಕಾಶವಾಣಿ ಕೇಂದ್ರ ಸರಿಯಾಗಿ ಸಿಗದಿದ್ದಾಗ ನಾವು ವಾಲ್ಯೂಮ್ ಹೆಚ್ಚಿಸಿದರೆ ಬರಿಯ ಕರಕರ ಸದ್ದೇ ಜೋರಾಗಿ ಕೇಳುವಂತೆ, ಮಿದುಳಿನ ಶ್ರವಣ ವ್ಯವಸ್ಥೆಯೂ ತನ್ನ ಸಂವೇದನೆಯನ್ನು ಏರಿಸಿಕೊಳ್ಳುತ್ತದೆ ಎಂಬುದು ಇಂದು ಹೆಚ್ಚಿನ ತಜ್ಞರು ಕೊಡುವ ವಿವರಣೆ. ಇದಕ್ಕೆ ಕಾಯಿಲೆಯೇ ಬೇಕೆಂದೂ ಇಲ್ಲ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಸಂಶೋಧಕರು, ಕಿವಿಯ ತೊಂದರೆ ಏನೂ ಇಲ್ಲವೆಂದು ಹೇಳಿದ 80 ಮಂದಿಯನ್ನು ಶಬ್ದನಿರೋಧಕ ಕೋಣೆಯಲ್ಲಿ ಕೂರಿಸಿ ಏನು ಕೇಳಿಸುತ್ತದೆ ಎಂದು ವಿಚಾರಿಸಿದಾಗ, ಅವರಲ್ಲಿ ಶೇಕಡ 94ರಷ್ಟು ಜನ ಗುಂಯ್‌ಗುಡುವ, ಝೇಂಕರಿಸುವ ಅಥವಾ ಸಿಳ್ಳೆ ಹಾಕುವ ಸದ್ದುಗಳನ್ನು ವರ್ಣಿಸಿದರು. ಈ ಪ್ರಯೋಗದ ಬಗ್ಗೆ ಓದಿದ ಮೇಲೆ ನನ್ನ ಭಯ ಎಷ್ಟೋ ಇಳಿಯಿತು.

ಮುಂದುವರಿಯುವ ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಮಿಡಿತದ ಲಯಕ್ಕೆ ಸರಿಯಾಗಿ ಬಡಿಯುತ್ತಿದ್ದರೆ, ತಲೆಸುತ್ತು ಜೊತೆಗಿದ್ದರೆ ಮೊದಲು ಕಿವಿ, ಮೂಗು, ಗಂಟಲು ವೈದ್ಯರನ್ನು ಕಾಣಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಂತಾದರೆ ಅದೇ ದಿನವೇ ಹೋಗಬೇಕು, ಏಕೆಂದರೆ ಹಠಾತ್ ಕಿವುಡಿಗೆ ಚಿಕಿತ್ಸೆ ಫಲಿಸುವ ಅವಧಿ ಬಹಳ ಚಿಕ್ಕದು. ನಾನು ಇಲ್ಲಿ ಬರೆಯುವುದು ಅಂತಹ ಕಾರಣಗಳೇನೂ ಇಲ್ಲವೆಂದು ಖಚಿತವಾದ ಮೇಲೆ ದಿನನಿತ್ಯ ನಿಭಾಯಿಸುವ ಬಗ್ಗೆ ಮಾತ್ರ.

ಗದ್ದಲದ ಜಾಗ ನನಗೆ ಕಷ್ಟ ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದುದನ್ನು ಬಿಡಿಸಿ ನೋಡಿದ್ದು ನನಗೆ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದ ಕೆಲಸ. ಅದರಲ್ಲಿ ಬೇರೆಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಸದ್ದು ನಿಜವಾಗಿಯೂ ಕಿವಿಗೆ ಹಾನಿ ಮಾಡುವಷ್ಟು ಜೋರಾಗಿರಬಹುದು. ಅಥವಾ ಹಾನಿ ಮಾಡುವಷ್ಟು ಇಲ್ಲದಿದ್ದರೂ ತಟ್ಟೆಗೆ ಚಮಚ ತಾಗುವ ಸದ್ದು, ಕುರ್ಚಿ ಎಳೆಯುವ ಸದ್ದು, ಮಗುವಿನ ಕಿರುಚಾಟ ಕಿವಿಗೆ ಚುಚ್ಚಿದಂತೆ ಅನಿಸಬಹುದು. ಟಿನಿಟಸ್ ಇರುವ ಅನೇಕರಲ್ಲಿ ಕಾಣುವ ಈ ಶಬ್ದ ಅಸಹನೆಯನ್ನು ವೈದ್ಯರು ಹೈಪರಕ್ಯೂಸಿಸ್ ಎನ್ನುತ್ತಾರೆ. ಇನ್ನೊಂದು, ಎದುರಿಗೆ ಕುಳಿತವರ ಮಾತು ಅರ್ಥವಾಗದೆ ಆಗುವ ದಣಿವು. ಇವೆಲ್ಲದರ ಮೇಲೆ ಹೆದರಿಕೆ ಇರುತ್ತದೆ. ಇವುಗಳಿಗೆ ಪರಿಹಾರ ಒಂದೇ ಅಲ್ಲ, ಅಷ್ಟೇ ಅಲ್ಲದೆ ಒಂದರ ಪರಿಹಾರ ಇನ್ನೊಂದನ್ನು ಹೆಚ್ಚಿಸಿಬಿಡುತ್ತದೆ. ಹಾನಿಕರ ಸದ್ದಿನಿಂದ ಕಿವಿಯನ್ನು ಮುಚ್ಚಿಕೊಳ್ಳಲೇಬೇಕು. ಹಾನಿಯಿಲ್ಲದ, ಆದರೆ ಸಹಿಸಲು ಕಷ್ಟವಾದ ಸದ್ದಿಗೆ ಕಿವಿಯನ್ನು ಮೆಲ್ಲಗೆ ಒಗ್ಗಿಸಬೇಕು. ನನ್ನ ಎಲ್ಲ ಕ್ರಮಗಳೂ ಈ ಭೇದದ ಮೇಲೆ ನಿಂತಿವೆ.

ಹಾಗಾದರೆ ಯಾವುದು ಹಾನಿಕರ, ಯಾವುದು ಅಲ್ಲ ಎಂದು ತಿಳಿಯುವುದು ಹೇಗೆ? ಸಂವೇದನೆ ಹೆಚ್ಚಾಗಿರುವ ಕಿವಿಯ ತೀರ್ಪನ್ನು ಇದರಲ್ಲಿ ನಂಬಲಾಗುವುದಿಲ್ಲ, ಅಳತೆ ಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಮತ್ತು ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಎಂದರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಕೇವಲ 15 ನಿಮಿಷ. ಈ ಲೆಕ್ಕವನ್ನು ಕಾರ್ಖಾನೆಯ ಕೆಲಸಗಾರರಿಗಾಗಿ ಮಾಡಿದ್ದಾದರೂ, ಸದ್ದಿನ ಮಟ್ಟ ಮತ್ತು ಅವಧಿ ಎರಡೂ ಸೇರಿಯೇ ಹಾನಿ ಎಂಬ ತತ್ತ್ವ ಎಲ್ಲರಿಗೂ ಅನ್ವಯಿಸುತ್ತದೆ. ಅದೇ ಸಂಸ್ಥೆ ಐಫೋನಿಗೆ ಉಚಿತವಾದ ಶಬ್ದಮಾಪಕ ಆ್ಯಪ್ ಕೊಟ್ಟಿದೆ. ಬೇರೆ ಫೋನುಗಳಿಗೂ ಇಂತಹ ಆ್ಯಪ್‌ಗಳಿವೆ, ಆದರೆ ಅವುಗಳ ಅಂಕಿ ಕೆಲವು ಡೆಸಿಬೆಲ್ ಆಚೀಚೆ ಆಗಬಹುದು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಫೋನ್ ಇಲ್ಲದಿದ್ದಾಗ ನಾನು ಬಳಸುವ ಒರಟು ಅಳತೆ ಇದು: ಒಂದು ತೋಳಿನಷ್ಟು ದೂರದಲ್ಲಿರುವವರೊಂದಿಗೆ ಮಾತನಾಡಲು ನಾನು ಧ್ವನಿ ಏರಿಸಲೇಬೇಕಾಗಿದ್ದರೆ, ಸದ್ದು 85ರ ಆಸುಪಾಸಿನಲ್ಲಿದೆ ಎಂದುಕೊಳ್ಳುತ್ತೇನೆ.

ಮಾಪಕವನ್ನು ಕೈಯಲ್ಲಿ ಹಿಡಿದು ನಾನು ಹೋಗುವ ಜಾಗಗಳನ್ನೆಲ್ಲ ಅಳೆದಾಗ, ನನಗೆ ಅಸಹನೀಯ ಎನಿಸುತ್ತಿದ್ದ ಎಷ್ಟೋ ಜಾಗಗಳು 70ರಿಂದ 78ರ ನಡುವೆಯೇ ಇದ್ದವು. ಅಂಗಡಿಯ ಸಾಲು, ಆಸ್ಪತ್ರೆಯ ಕಾಯುವ ಕೋಣೆ, ಸಾಧಾರಣ ಜನರಿರುವ ಉಪಾಹಾರ ಗೃಹ ಇವೆಲ್ಲ ಕಿವಿಗೆ ಹಾನಿ ಮಾಡುವ ಜಾಗಗಳಲ್ಲ. ಆ ಅಂಕಿಯನ್ನು ಕಣ್ಣಾರೆ ನೋಡಿದಾಗ ಬಿಗಿಯಾಗಿದ್ದ ಭುಜ ತಾನೇ ಸಡಿಲವಾಗುವುದನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ. ಇದಕ್ಕೆ ವಿರುದ್ಧವಾಗಿ, ಖುಷಿಯಿಂದ ಕೂಡಿದ್ದರಿಂದ ಗದ್ದಲವೆಂದೇ ಅನಿಸದ ಕೆಲವು ಸಮಾರಂಭಗಳಲ್ಲಿ, ಧ್ವನಿವರ್ಧಕದ ಹತ್ತಿರ ಮಾಪಕ 95ನ್ನು ದಾಟಿತ್ತು. ಒಂದು ಎಚ್ಚರಿಕೆ ಮಾತ್ರ ಇದೆ: ಜಾಗಗಳ ಪರಿಚಯವಾದ ಮೇಲೆ ಮಾಪಕವನ್ನು ಜೇಬಿನಲ್ಲಿಯೇ ಬಿಡಬೇಕು. ಪ್ರತಿ ನಿಮಿಷವೂ ಅಂಕಿ ನೋಡುತ್ತ ಕುಳಿತರೆ ಮನಸ್ಸು ಸದ್ದನ್ನು ಕಾವಲು ಕಾಯುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ, ಮತ್ತು ಟಿನಿಟಸ್ ಬೆಳೆಯುವುದು ಇಂತಹ ಕಾವಲಿನಿಂದಲೇ.

ಎಲ್ಲಿಗೆ ಹೋಗುವಾಗಲೂ ಇಯರ್‌ಪ್ಲಗ್ ಹಾಕಿಕೊಂಡು ಹೋಗಿ ಎಂಬ ಸಲಹೆಯನ್ನು ಹಿತೈಷಿಗಳು ಬಹಳ ಸಲೀಸಾಗಿ ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನನ್ನ ಶ್ರವಣತಜ್ಞರು ಮೊದಲ ಭೇಟಿಯಲ್ಲಿಯೇ, "ಜೋರು ಸದ್ದಿಗೆ ಮಾತ್ರ ಪ್ಲಗ್ ಹಾಕಿ, ಮಾಮೂಲಿ ಸದ್ದಿಗೆ ಹಾಕಿದರೆ ಕಿವಿ ಇನ್ನೂ ಸೂಕ್ಷ್ಮವಾಗುತ್ತದೆ" ಎಂದು ಖಂಡಿತವಾಗಿ ಹೇಳಿದ್ದರು. ಅದಕ್ಕೆ ಪ್ರಯೋಗದ ಆಧಾರವೂ ಇದೆ. 2003ರಲ್ಲಿ ಫಾರ್ಮ್‌ಬಿ ಮತ್ತು ಸಂಗಡಿಗರು ಸಾಮಾನ್ಯ ಶ್ರವಣವುಳ್ಳವರಲ್ಲಿ ಕೆಲವರಿಗೆ ಎರಡು ವಾರ ಇಯರ್‌ಪ್ಲಗ್ ಹಾಕಿಸಿದರು, ಕೆಲವರಿಗೆ ಮೆಲುವಾದ ಸದ್ದು ಹೊರಡಿಸುವ ಸಾಧನ ಕೊಟ್ಟರು. ಪ್ಲಗ್ ಹಾಕಿಕೊಂಡವರಿಗೆ ಆಮೇಲೆ ಅದೇ ಸದ್ದುಗಳು ಮೊದಲಿಗಿಂತ ಜೋರಾಗಿ ಕೇಳಿಸಿದವು, ಮೆಲುಸದ್ದು ಕೇಳಿದವರಿಗೆ ಮೊದಲಿಗಿಂತ ಮೆಲ್ಲಗೆ ಕೇಳಿಸಿದವು. 2012ರ ಇನ್ನೊಂದು ಅಧ್ಯಯನದಲ್ಲಿ ಆರೋಗ್ಯವಂತರು ಒಂದು ಕಿವಿಗೆ ಒಂದು ವಾರ ಪ್ಲಗ್ ಹಾಕಿಕೊಂಡಾಗ ಅವರಲ್ಲಿ ಬಹುಪಾಲು ಜನರಿಗೆ ಟಿನಿಟಸ್‌ನಂತಹ ಸದ್ದೇ ಕೇಳಿಸತೊಡಗಿತು. ಪ್ಲಗ್ ತೆಗೆದ ಮೇಲೆ ಹೆಚ್ಚಿನವರಲ್ಲಿ ಅದು ಹೋಯಿತು. ಸದ್ದು ಸಿಗದ ಮಿದುಳು ಸದ್ದನ್ನು ಹುಡುಕುತ್ತದೆ. ಇದನ್ನು ತಿಳಿದ ಮೇಲೆ, 80 ಡೆಸಿಬೆಲ್‌ಗಿಂತ ಕೆಳಗಿನ ಜಾಗಗಳಲ್ಲಿ ಪ್ಲಗ್ ಹಾಕುವುದಿಲ್ಲ, 85 ದಾಟುವ ಜಾಗದಲ್ಲಿ ಹಾಕದೆ ಇರುವುದಿಲ್ಲ, ನಡುವಿನದರಲ್ಲಿ ಎಷ್ಟು ಹೊತ್ತು ಇರಬೇಕಾಗುತ್ತದೆ ಎಂಬುದನ್ನು ನೋಡಿ ತೀರ್ಮಾನಿಸುವುದು ಎಂಬ ನಿಯಮವನ್ನು ಇಟ್ಟುಕೊಂಡೆ.

ಪ್ಲಗ್ ಬೇಕಾದಾಗ ಅದನ್ನು ಸರಿಯಾಗಿ ಹಾಕಿಕೊಳ್ಳುವುದು ಬಹಳ ಮುಖ್ಯ, ಮತ್ತು ಇದನ್ನು ಯಾರೂ ಸಾಕಷ್ಟು ವಿವರಿಸುವುದಿಲ್ಲ. ಫೋಮ್ ಪ್ಲಗ್ ಆದರೆ ಕೈ ಶುಚಿಯಾಗಿರಬೇಕು. ಅದನ್ನು ಬೆರಳುಗಳ ನಡುವೆ ಉರುಳಿಸಿ, ಎಲ್ಲಿಯೂ ಮಡಿಕೆ ಬೀಳದಂತೆ ಸಣ್ಣ ಕಡ್ಡಿಯಷ್ಟು ತೆಳುವಾಗಿಸುತ್ತೇನೆ. ಎದುರು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯುತ್ತೇನೆ, ಆಗ ಓರೆಯಾಗಿರುವ ಕಿವಿಯ ನಾಳ ನೇರವಾಗುತ್ತದೆ. ಪ್ಲಗ್ಗನ್ನು ಒಳಕ್ಕೆ ಸರಿಸಿ, ಅದು ಹಿಗ್ಗಿ ನಾಳವನ್ನು ತುಂಬುವವರೆಗೆ ಸುಮಾರು ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿದಿರುತ್ತೇನೆ. ಎದುರಿನಿಂದ ಕನ್ನಡಿಯಲ್ಲಿ ನೋಡಿದರೆ ಪ್ಲಗ್ ಕಾಣಬಾರದು. ಅರ್ಧ ಹೊರಗೆ ಚಾಚಿಕೊಂಡಿರುವ ಪ್ಲಗ್ ಮಾತನ್ನು ಮಸುಕು ಮಾಡುತ್ತದೆಯೇ ಹೊರತು ರಕ್ಷಣೆ ಕೊಡುವುದಿಲ್ಲ. ಪೊಟ್ಟಣದ ಮೇಲೆ 33 ಡೆಸಿಬೆಲ್ ತಗ್ಗಿಸುತ್ತದೆ ಎಂದು ಬರೆದಿದ್ದರೂ ನಿತ್ಯದ ಬಳಕೆಯಲ್ಲಿ ಅಷ್ಟು ಸಿಗುವುದಿಲ್ಲ. ಅದರಲ್ಲಿ 7 ಕಳೆದು ಅರ್ಧ ಮಾಡಿ ಲೆಕ್ಕ ಹಾಕುವ ರೂಢಿ ಅಮೆರಿಕದ ಕಾರ್ಖಾನೆ ಸುರಕ್ಷತೆಯ ಕ್ಷೇತ್ರದಲ್ಲಿದೆ, ಆಗ 13 ಡೆಸಿಬೆಲ್ ಉಳಿಯುತ್ತದೆ. ಸರಿಯಾಗಿ ಕೂರಿಸಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ ಎಂಬುದು ನನ್ನ ಅನುಭವ.

ಫೋಮ್ ಪ್ಲಗ್‌ನ ಕೊರತೆ ಏನೆಂದರೆ ಅದು ಎತ್ತರದ ಶ್ರುತಿಯ ಸದ್ದುಗಳನ್ನು ತಗ್ಗಿನ ಸದ್ದುಗಳಿಗಿಂತ ಹೆಚ್ಚು ಕತ್ತರಿಸುತ್ತದೆ. ವ್ಯಂಜನಗಳ ಸ್ಪಷ್ಟತೆ ಇರುವುದು ಆ ಎತ್ತರದ ಭಾಗದಲ್ಲಿಯೇ. ನನ್ನಂತಹವರಿಗೆ ಮೊದಲೇ ಕೊರತೆ ಇರುವುದೂ ಅಲ್ಲಿಯೇ. ಆದ್ದರಿಂದ ಮಾತು ಅಥವಾ ಸಂಗೀತ ಕೇಳಬೇಕಾದ ಕಡೆ ಸಂಗೀತಗಾರರ ಪ್ಲಗ್ ಎಂದು ಕರೆಯುವ, ಎಲ್ಲ ಶ್ರುತಿಗಳನ್ನೂ ಹೆಚ್ಚುಕಡಿಮೆ ಸಮಾನವಾಗಿ ತಗ್ಗಿಸುವ ಫಿಲ್ಟರ್ ಇರುವ ಪ್ಲಗ್‌ಗಳನ್ನು ಬಳಸುತ್ತೇನೆ. 1980ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಪ್ಲಗ್‌ಗಳನ್ನು ಕಿವಿಯ ಅಚ್ಚು ತೆಗೆಸಿಯೂ ಮಾಡಿಸಿಕೊಳ್ಳಬಹುದು, ಮತ್ತು 9, 15, 25 ಡೆಸಿಬೆಲ್ ಎಂದು ಫಿಲ್ಟರ್ ಬದಲಿಸಬಹುದು. ನನ್ನ ಹೆಚ್ಚಿನ ಸಂದರ್ಭಗಳಿಗೆ 15 ಸಾಕಾಗುತ್ತದೆ. ಯಾವ ಪ್ಲಗ್ ಹಾಕಿದರೂ ಮೊದಲ ಕೆಲವು ನಿಮಿಷ ಮೊರೆತ ದೊಡ್ಡದಾಗಿ ಕೇಳಿಸುತ್ತದೆ, ನಮ್ಮದೇ ಧ್ವನಿ ತಲೆಯೊಳಗೆ ಮೊಳಗುತ್ತದೆ. ಹೊರಗಿನ ಸದ್ದು ಕಡಿಮೆಯಾದುದರಿಂದ ಒಳಗಿನದು ಎದ್ದು ಕಾಣುತ್ತದೆ ಅಷ್ಟೇ, ಟಿನಿಟಸ್ ಹೆಚ್ಚಾಗಿಲ್ಲ. ಜಾಗದೊಳಗೆ ಹೋಗುವ ಮೊದಲೇ ಹಾಕಿಕೊಂಡರೆ ಈ ನಿಮಿಷಗಳು ಶಾಂತವಾಗಿ ಕಳೆಯುತ್ತವೆ ಎಂಬ ಕಾರಣಕ್ಕೆ ನಾನು ಬಾಗಿಲ ಹೊರಗೇ ಹಾಕಿಕೊಳ್ಳುತ್ತೇನೆ.

ಹೊರಗಿನ ಸದ್ದನ್ನು ವಿದ್ಯುನ್ಮಾನದ ನೆರವಿನಿಂದ ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಬಗ್ಗೆ ಅನೇಕರು ಕೇಳುತ್ತಾರೆ. ವಿಮಾನ, ಬಸ್ಸು, ರೈಲುಗಳ ಒಂದೇ ಸಮನಾದ ತಗ್ಗಿನ ಗುಡುಗುಡು ಸದ್ದಿಗೆ ಅದು ಬಹಳ ಒಳ್ಳೆಯದು. ತಟ್ಟನೆ ಬರುವ ಅಥವಾ ಎತ್ತರದ ಶ್ರುತಿಯ ಸದ್ದಿಗೆ ಅದರ ವಿದ್ಯುನ್ಮಾನ ಭಾಗದಿಂದ ಹೆಚ್ಚಿನ ಪ್ರಯೋಜನವಿಲ್ಲ. ಪ್ರಯಾಣದಲ್ಲಿ ಅದರೊಳಗೆ ಮಳೆಯ ಅಥವಾ ಹೊಳೆಯ ಸದ್ದನ್ನು ಬಹಳ ಮೆಲ್ಲಗೆ ಹಾಕಿಕೊಳ್ಳುತ್ತೇನೆ. ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುವುದು ಮಾತ್ರ ಎಂದಿಗೂ ಬೇಡ.

ಇನ್ನು ಹಾನಿಯಿಲ್ಲದ, ಆದರೆ ಸಹಿಸಲಾಗದ ಸದ್ದುಗಳ ವಿಚಾರ. ಇಲ್ಲಿ ಬೇಕಾದದ್ದು ತಾಳ್ಮೆ, ಮತ್ತು ನನ್ನ ಮಟ್ಟಿಗೆ ಅತಿ ಹೆಚ್ಚು ಬದಲಾವಣೆ ಬಂದದ್ದೂ ಇಲ್ಲಿಯೇ. ನನಗೆ ಕಷ್ಟವೆನಿಸುವ ಜಾಗಗಳನ್ನು ಸುಲಭದಿಂದ ಕಠಿಣದವರೆಗೆ ಸಾಲಾಗಿ ಬರೆದುಕೊಂಡೆ. ಕೆಳಗಿನ ಮೆಟ್ಟಿಲಿನಲ್ಲಿ ಜನ ಕಡಿಮೆ ಇರುವ ಹೊತ್ತಿನ ಗ್ರಂಥಾಲಯದ ಓದುವ ಕೋಣೆ ಮತ್ತು ಅಂಗಡಿ, ನಡುವೆ ಮಧ್ಯಾಹ್ನದ ಉಪಾಹಾರ ಗೃಹ, ಮೇಲೆ ಸಂಜೆಯ ರೈಲು ನಿಲ್ದಾಣ. ಪ್ರತಿಯೊಂದಕ್ಕೂ ಮೊದಲು ಜನ ಕಡಿಮೆ ಇರುವ ಹೊತ್ತಿನಲ್ಲಿ, ಪ್ಲಗ್ ಇಲ್ಲದೆ, ಪ್ಲಗ್ ಜೇಬಿನಲ್ಲಿದೆ ಎಂಬ ಧೈರ್ಯದೊಂದಿಗೆ ಹೋಗುತ್ತಿದ್ದೆ. ಒಳಗೆ ಹೋದ ಕೂಡಲೇ ಎದೆಬಡಿತ ಏರುತ್ತದೆ, ಆಗಲೇ ಹೊರಗೆ ಬಂದುಬಿಟ್ಟರೆ ಆ ಜಾಗ ಅಪಾಯಕರ ಎಂಬ ಪಾಠವನ್ನು ಮಿದುಳು ಇನ್ನಷ್ಟು ಗಟ್ಟಿಯಾಗಿ ಕಲಿಯುತ್ತದೆ. ಆ ಏರಿಕೆ ತಾನಾಗಿ ಇಳಿಯುವವರೆಗೆ ಅಲ್ಲಿಯೇ ಇರುವುದು ಮುಖ್ಯ. ಒಂದು ಜಾಗ ಸಾಧಾರಣವೆನಿಸಿದ ಮೇಲೆಯೇ ಮುಂದಿನ ಮೆಟ್ಟಿಲು. ಅರಿವಿನ ವರ್ತನಾ ಚಿಕಿತ್ಸೆ ಎಂದು ಮನೋವೈದ್ಯರು ಕರೆಯುವ ಪದ್ಧತಿಯ ಒಂದು ಭಾಗ ಇದು; ಮೊರೆತದ ಸದ್ದನ್ನು ಅದು ಕಡಿಮೆ ಮಾಡದಿದ್ದರೂ, ಮೊರೆತದಿಂದಾಗುವ ಸಂಕಟವನ್ನು ತಗ್ಗಿಸುವುದರಲ್ಲಿ ಅದಕ್ಕಿರುವಷ್ಟು ಪುರಾವೆ ಬೇರೆ ಚಿಕಿತ್ಸೆಗಳಿಗೆ ಇಲ್ಲ. ಸಾಧ್ಯವಾದರೆ ತಜ್ಞರ ಮಾರ್ಗದರ್ಶನದಲ್ಲಿ ಮಾಡುವುದು ಒಳ್ಳೆಯದು. ಕಿವಿಯಲ್ಲಿ ನಿಜವಾದ ನೋವು ಬರುವವರಂತೂ ಒಂಟಿಯಾಗಿ ಇದಕ್ಕೆ ಕೈಹಾಕಬಾರದು.

ಈ ಅಭ್ಯಾಸಕ್ಕೆ ಮನೆಯಲ್ಲಿಯೂ ಬೆಂಬಲ ಬೇಕು. ದಿನವಿಡೀ ನಿಶ್ಶಬ್ದವಾದ ಕೋಣೆಯಲ್ಲಿದ್ದು ಸಂಜೆ ಒಮ್ಮೆಲೇ ಗದ್ದಲಕ್ಕೆ ಇಳಿದರೆ ಕಿವಿಗೆ ಆ ಅಂತರ ಹೊರೆಯಾಗುತ್ತದೆ. ಆದ್ದರಿಂದ ಮನೆಯಲ್ಲಿ ಯಾವಾಗಲೂ ಹಿನ್ನೆಲೆಯಲ್ಲಿ ಒಂದು ಮೃದುವಾದ ಸದ್ದನ್ನು ಇಟ್ಟುಕೊಳ್ಳುತ್ತೇನೆ. ಅದು ಮೊರೆತವನ್ನು ಪೂರ್ತಿ ಮುಚ್ಚಬಾರದು, ಮೊರೆತದ ಜೊತೆಗೆ ಬೆರೆತು ಎರಡೂ ಕೇಳಿಸುವಷ್ಟಿರಬೇಕು. ಸಂಶೋಧಕ ಪವೆಲ್ ಯಾಸ್ಟ್ರೆಬಾಫ್ 1990ರಲ್ಲಿ ಪ್ರಕಟಿಸಿದ, ಟಿನಿಟಸ್ಸನ್ನು ನರವ್ಯೂಹದ ಕೆಲಸದಿಂದ ವಿವರಿಸುವ ನರಶಾರೀರಿಕ ಮಾದರಿಯಿಂದ ಬೆಳೆದ ಚಿಕಿತ್ಸಾಕ್ರಮದಲ್ಲಿ ಈ ಅಂಶಕ್ಕೆ ಒತ್ತು ಇದೆ: ಕೇಳಿಸದೇ ಹೋದ ಸದ್ದಿಗೆ ಮಿದುಳು ಒಗ್ಗಿಕೊಳ್ಳಲಾರದು.

ಮಾತು ಕೇಳಿಸಿಕೊಳ್ಳುವ ಕಷ್ಟ ಬೇರೆಯದು. ಹಲವರು ಒಟ್ಟಿಗೆ ಮಾತನಾಡುವಾಗ ಒಬ್ಬರ ಮಾತನ್ನು ಹೇಗೆ ಹಿಡಿಯುತ್ತೇವೆ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ವಿಜ್ಞಾನಿ ಕಾಲಿನ್ ಚೆರ್ರಿ 1953ರಲ್ಲಿಯೇ ಎತ್ತಿದ್ದರು. ಎರಡು ಕಿವಿಗಳಿಗೂ ಸದ್ದು ಸ್ವಲ್ಪ ಭಿನ್ನವಾಗಿ ತಲುಪುವುದರಿಂದ ಮಿದುಳು ದಿಕ್ಕನ್ನು ಗುರುತಿಸಿ ಬೇಕಾದ ಧ್ವನಿಯನ್ನು ಬೇರ್ಪಡಿಸುತ್ತದೆ. ಶ್ರವಣ ಕುಂದಿದ ಕಿವಿಗಳಿಗೆ ಈ ಕೆಲಸ ಕಷ್ಟ. ಜೊತೆಗೆ, ಗದ್ದಲದಲ್ಲಿ ಮನುಷ್ಯರು ತಮಗರಿವಿಲ್ಲದೆಯೇ ಧ್ವನಿ ಏರಿಸುತ್ತಾರೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ವರ್ಣಿಸಿದ್ದರು. ಒಂದು ಮೇಜಿನವರು ಏರಿಸಿದರೆ ಪಕ್ಕದವರು ಏರಿಸುತ್ತಾರೆ, ಅರ್ಧ ಗಂಟೆಯಲ್ಲಿ ಇಡೀ ಕೋಣೆ ಮೇಲಕ್ಕೆ ಹೋಗಿರುತ್ತದೆ. ಅದಕ್ಕಾಗಿಯೇ ಜನ ತುಂಬುವ ಮೊದಲಿನ ಹೊತ್ತನ್ನು ಆರಿಸಿಕೊಳ್ಳುತ್ತೇನೆ. ಕೂರುವ ಜಾಗದ ಆಯ್ಕೆಯಲ್ಲಿ ನಾನು ನಾಚಿಕೊಳ್ಳುವುದಿಲ್ಲ: ಅಡುಗೆಮನೆಯ ಬಾಗಿಲು, ಧ್ವನಿಪೆಟ್ಟಿಗೆ, ಮುಖ್ಯದ್ವಾರ ಇವುಗಳಿಂದ ದೂರದ ಮೂಲೆ, ಬೆನ್ನ ಹಿಂದೆ ಗೋಡೆ, ಅದೂ ಗಾಜಿನದಲ್ಲದೆ ಪರದೆಯೋ ಮೆತ್ತೆಯೋ ಇರುವ ಗೋಡೆ, ಎದುರಿನವರ ಮುಖದ ಮೇಲೆ ಬೆಳಕು ಬೀಳುವಂತೆ. ತುಟಿಯ ಚಲನೆ ಕಂಡರೆ ಅರ್ಧ ಮಾತು ಅದರಿಂದಲೇ ತಿಳಿಯುತ್ತದೆ. ಬೆನ್ನಿಗೆ ಗೋಡೆ ಇದ್ದಾಗ ಹಿಂದಿನಿಂದ ನೇರವಾಗಿ ಬರುವ ಗದ್ದಲ ಇರುವುದಿಲ್ಲ, ಗಮನ ಒಂದೇ ದಿಕ್ಕಿಗೆ ನಿಲ್ಲುತ್ತದೆ. ಎತ್ತರದ ಛಾವಣಿ, ಬರಿಯ ನೆಲ, ಗಾಜಿನ ಗೋಡೆ ಇರುವ ಜಾಗಗಳಿಗೆ ನಾನು ಗೆಳೆಯರನ್ನು ಕರೆಯುವುದೇ ಇಲ್ಲ.

ಜೊತೆಗಿರುವವರಿಗೆ ಮೊದಲೇ ಹೇಳಿಬಿಡುವುದು ಇನ್ನೂ ಮುಖ್ಯ. "ನನ್ನ ಎಡಗಿವಿ ಅಷ್ಟು ಚುರುಕಿಲ್ಲ, ನೀವು ಈ ಬಲಗಡೆ ಕುಳಿತುಕೊಳ್ತೀರಾ? ಕೂಗಿ ಹೇಳುವುದು ಬೇಡ, ನನ್ನ ಕಡೆ ನೋಡಿ ನಿಧಾನವಾಗಿ ಹೇಳಿದರೆ ಸಾಕು" ಎಂದು ಕುಳಿತುಕೊಳ್ಳುವಾಗಲೇ ಹೇಳುತ್ತೇನೆ. ಯಾರೂ ಇದಕ್ಕೆ ಬೇಸರಿಸಿಕೊಂಡದ್ದಿಲ್ಲ. ಮಾತು ತಪ್ಪಿದಾಗ "ಏನು?" ಎಂದು ಕೇಳಿದರೆ ಅವರು ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳುತ್ತಾರೆ, ಅದರಿಂದ ಕಿವಿಗೂ ಕಷ್ಟ, ಅರ್ಥವೂ ಆಗುವುದಿಲ್ಲ; "ನಾಳೆ ಎಷ್ಟು ಗಂಟೆಗೆ ಎಂದಿರಿ?" ಎಂದು ಕೇಳಿಸಿದ ಭಾಗವನ್ನು ಸೇರಿಸಿ ಕೇಳಿದರೆ ಬೇಕಾದ ಒಂದೇ ಪದ ಸಿಗುತ್ತದೆ. ಮುಚ್ಚಿಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸಂಗೀತ ಸಂಯೋಜಕ ಬೀಥೋವನ್ 1801ರಲ್ಲಿ ತನ್ನ ಗೆಳೆಯ, ವೈದ್ಯ ವೆಗೆಲರ್‌ಗೆ ಬರೆದ ಪತ್ರ ಸಾಕ್ಷಿ. ಹಗಲೂ ರಾತ್ರಿ ಕಿವಿಗಳು ಮೊರೆಯುತ್ತಿವೆ, ಮೆಲ್ಲಗೆ ಮಾತನಾಡಿದರೆ ಧ್ವನಿ ಕೇಳಿಸುತ್ತದೆ, ಪದಗಳು ಕೇಳಿಸುವುದಿಲ್ಲ, ಯಾರಾದರೂ ಕೂಗಿದರೆ ಸಹಿಸಲಾಗುವುದಿಲ್ಲ, ತನಗೆ ಕಿವಿ ಕೇಳದು ಎಂದು ಜನರಿಗೆ ಹೇಳಲಾರದೆ ಕೂಟಗಳಿಗೆ ಹೋಗುವುದನ್ನೇ ಬಿಟ್ಟಿದ್ದೇನೆ ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಇನ್ನೂರು ವರ್ಷಗಳ ಹಿಂದಿನ ಆ ವಿವರಣೆಯಲ್ಲಿ ನಮ್ಮ ತೊಂದರೆಯ ಒಂದು ಅಂಶವೂ ಬಿಟ್ಟುಹೋಗಿಲ್ಲ. ಅವರಿಗೆ ಇಲ್ಲದಿದ್ದ ಅನುಕೂಲ ನಮಗಿದೆ: ಹೇಳಿಕೊಂಡರೆ ಕೆಲಸ ಹೋಗುವುದಿಲ್ಲ, ಮತ್ತು ಶ್ರವಣಸಾಧನಗಳಿವೆ. ಶ್ರವಣ ಕುಂದಿರುವವರಿಗೆ ಸರಿಯಾಗಿ ಹೊಂದಿಸಿದ ಶ್ರವಣಸಾಧನ ಮಾತನ್ನು ಸ್ಪಷ್ಟಪಡಿಸುವುದರ ಜೊತೆಗೆ, ಅನೇಕರಲ್ಲಿ ಮೊರೆತವನ್ನೂ ಹಿಂದಕ್ಕೆ ಸರಿಸುತ್ತದೆ.

ಹಠಾತ್ ಸದ್ದುಗಳಿಗೆ ಬೇರೆ ಸಿದ್ಧತೆ ಬೇಕು. ಸಾರ್ವಜನಿಕ ಶೌಚಾಲಯದ ಕೈ ಒಣಗಿಸುವ ಯಂತ್ರ ನನಗೆ ತೀರ ಕಷ್ಟದ್ದು, ಮತ್ತು ಅದು ಬರಿಯ ಅನಿಸಿಕೆಯಲ್ಲ: ಕೆನಡಾದ ಒಬ್ಬ ಶಾಲಾ ಬಾಲಕಿ ಇಂತಹ ಯಂತ್ರಗಳನ್ನು ಮಕ್ಕಳ ಕಿವಿಯ ಎತ್ತರದಲ್ಲಿ ಅಳೆದು, ಕೆಲವು 100 ಡೆಸಿಬೆಲ್ ದಾಟುತ್ತವೆ ಎಂದು ತೋರಿಸಿದ ಅಧ್ಯಯನ 2019ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾನು ಕರವಸ್ತ್ರ ಇಟ್ಟುಕೊಂಡಿರುತ್ತೇನೆ, ಯಂತ್ರ ಓಡುತ್ತಿದ್ದರೆ ಅದು ನಿಲ್ಲುವವರೆಗೆ ಹೊರಗೆ ನಿಲ್ಲುತ್ತೇನೆ. ಪ್ಲಾಟ್‌ಫಾರ್ಮಿನಲ್ಲಿ ಧ್ವನಿವರ್ಧಕದ ನೇರ ಕೆಳಗೆ ನಿಲ್ಲುವುದಿಲ್ಲ, ರೈಲು ಒಳಬರುವಾಗ ಬ್ರೇಕಿನ ಕಿರುಚು ಮುಗಿಯುವವರೆಗೆ ಅಂಚಿನಿಂದ ದೂರ ಸರಿದಿರುತ್ತೇನೆ. ಆಂಬುಲೆನ್ಸಿನ ಸೈರನ್ ಹತ್ತಿರ ಬಂದರೆ ಕಿವಿಯ ಮುಂದಿನ ಸಣ್ಣ ಚಿಪ್ಪನ್ನು ಬೆರಳಿನಿಂದ ಒಳಕ್ಕೆ ಒತ್ತಿ ನಾಳವನ್ನು ಮುಚ್ಚುತ್ತೇನೆ; ಕೆಲವೇ ಸೆಕೆಂಡುಗಳ ಮಾತಿಗೆ ಪ್ಲಗ್‌ಗಿಂತ ಇದೇ ಬೇಗ, ಯಾರ ಗಮನಕ್ಕೂ ಬರುವುದಿಲ್ಲ. ಬರುವ ಸದ್ದನ್ನು ಮೊದಲೇ ಗುರುತಿಸಿದಾಗ ಅದು ಅರ್ಧದಷ್ಟೂ ಚುಚ್ಚುವುದಿಲ್ಲ.

ಸಂಗೀತ ಕಛೇರಿ, ಸಿನಿಮಾ, ಧ್ವನಿವರ್ಧಕವಿರುವ ಸಮಾರಂಭಗಳಿಗೆ ದೂರವೇ ಮೊದಲ ರಕ್ಷಣೆ. ಬಯಲಿನಲ್ಲಿ ಒಂದು ಧ್ವನಿವರ್ಧಕದಿಂದ ಇರುವ ದೂರವನ್ನು ಎರಡು ಪಟ್ಟು ಮಾಡಿದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಎಂದರೆ ಸುರಕ್ಷಿತ ಅವಧಿ ನಾಲ್ಕು ಪಟ್ಟಾಗುತ್ತದೆ. ಮುಚ್ಚಿದ ಸಭಾಂಗಣದಲ್ಲಿ ಗೋಡೆಗಳ ಪ್ರತಿಫಲನದಿಂದ ಅಷ್ಟು ಲಾಭ ಸಿಗುವುದಿಲ್ಲ, ಆದ್ದರಿಂದ ಅಲ್ಲಿ ಪ್ಲಗ್ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡವು ಮನರಂಜನಾ ಸ್ಥಳಗಳ ಸದ್ದು 15 ನಿಮಿಷಗಳ ಸರಾಸರಿಯಲ್ಲಿ 100 ಡೆಸಿಬೆಲ್ ಮೀರಬಾರದು, ಕಿವಿಗೆ ವಿಶ್ರಾಂತಿ ಕೊಡುವ ಶಾಂತ ಸ್ಥಳ ಅಲ್ಲಿ ಇರಬೇಕು ಎಂದು ಹೇಳುತ್ತದೆ. ಅಂತಹ ಸ್ಥಳವನ್ನು ನಾನು ಒಳಗೆ ಹೋದ ಕೂಡಲೇ ಹುಡುಕಿಟ್ಟುಕೊಳ್ಳುತ್ತೇನೆ: ಮೆಟ್ಟಿಲಿನ ತಿರುವು, ಹೊರಾಂಗಣ, ಎರಡು ಬಾಗಿಲುಗಳ ನಡುವಿನ ಜಾಗ. ಬದಿಯ ಆಸನ ಕೇಳಿ ತೆಗೆದುಕೊಂಡರೆ ಯಾರಿಗೂ ತೊಂದರೆಯಾಗದಂತೆ ಎದ್ದು ಬರಬಹುದು. ತಾಸಿಗೊಮ್ಮೆ ಹೀಗೆ ಹೊರಗೆ ಬಂದು, ಪ್ಲಗ್ ತೆಗೆದು, ಸ್ವಲ್ಪ ನಡೆದಾಡಿ ಮತ್ತೆ ಒಳಗೆ ಹೋದರೆ ಕಾರ್ಯಕ್ರಮವನ್ನು ಕೊನೆಯವರೆಗೆ ಸಂತೋಷದಿಂದ ನೋಡಲು ನನಗೆ ಸಾಧ್ಯವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ನಡುವೆಯೇ ಮೊರೆತ ಎದ್ದು ನಿಲ್ಲುತ್ತದೆ. ಆಗ ಅದನ್ನು ಒತ್ತಿ ಹಿಡಿಯಲು ಹೋಗುವುದಿಲ್ಲ. ಗದ್ದಲದೊಳಗಿನ ಯಾವುದಾದರೂ ಒಂದು ಸದ್ದನ್ನು, ಲೋಟ ತೊಳೆಯುವುದನ್ನೋ ಯಾರದೋ ನಗುವನ್ನೋ, ಬೇಕೆಂದೇ ಆರಿಸಿ ಕೇಳುತ್ತೇನೆ, ನಂತರ ಇನ್ನೊಂದನ್ನು. ಉಸಿರನ್ನು ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ಉದ್ದ ಮಾಡುತ್ತೇನೆ. ದವಡೆಯನ್ನು ಸಡಿಲ ಬಿಡುವುದೂ ಮುಖ್ಯ, ಏಕೆಂದರೆ ದವಡೆ ಮತ್ತು ಕತ್ತಿನ ಬಿಗಿತ ಅನೇಕರಲ್ಲಿ ಮೊರೆತವನ್ನು ಏರಿಸುತ್ತದೆ, ನನ್ನಲ್ಲಿಯಂತೂ ಏರಿಸುತ್ತದೆ. ಗದ್ದಲವನ್ನು ದ್ವೇಷಿಸುತ್ತ ಕುಳಿತಾಗ ಹಲ್ಲು ಕಚ್ಚಿರುವುದು ನಮಗೆ ಗೊತ್ತೇ ಆಗಿರುವುದಿಲ್ಲ.

ಮನೆಗೆ ಬಂದ ಮೇಲೆ ಕೂಡಲೇ ಬಾಗಿಲು ಮುಚ್ಚಿ ನಿಶ್ಶಬ್ದದಲ್ಲಿ ಮಲಗಿ ಮೊರೆತ ಎಷ್ಟಾಗಿದೆ ಎಂದು ಪರೀಕ್ಷಿಸುವುದನ್ನು ಮಾಡಬಾರದು. ಮೃದುವಾದ ಸದ್ದನ್ನು ಹಾಕಿ, ಬೇರೆ ಕೆಲಸದಲ್ಲಿ ತೊಡಗಿ, ಎಂದಿನ ಹೊತ್ತಿಗೆ ಮಲಗುತ್ತೇನೆ. ಏರಿದ ಮೊರೆತ ನನ್ನಲ್ಲಿ ಸಾಮಾನ್ಯವಾಗಿ ಮರುದಿನ ಅಥವಾ ಅದರ ಮರುದಿನಕ್ಕೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆ ನಡುವೆ ಇನ್ನೊಂದು ಜೋರು ಕಾರ್ಯಕ್ರಮ ಇಟ್ಟುಕೊಳ್ಳುವುದಿಲ್ಲ, ಆದರೆ ಮಾಮೂಲಿ ಓಡಾಟವನ್ನು ನಿಲ್ಲಿಸುವುದೂ ಇಲ್ಲ. ಜೋರು ಸದ್ದಿನ ನಂತರ ಕಿವಿ ಮಂದವಾಗಿದ್ದು, ಹತ್ತಿಯಿಟ್ಟಂತಾಗಿ, ಒಂದು ದಿನದ ನಂತರವೂ ಹಾಗೆಯೇ ಉಳಿದರೆ ಮನೆಯಲ್ಲಿ ಕಾಯುತ್ತ ಕೂರದೆ ವೈದ್ಯರ ಬಳಿಗೆ ಹೋಗಬೇಕು. ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ, ಹಳೆಯ ಆಡಿಯೋಗ್ರಾಮ್‌ಗಳನ್ನು, ಎಂದರೆ ಆ ಪರೀಕ್ಷೆಯ ಫಲಿತಾಂಶದ ಗೆರೆಚಿತ್ರಗಳನ್ನು, ಒಂದೇ ಕಡತದಲ್ಲಿ ಇಟ್ಟುಕೊಂಡಿದ್ದೇನೆ. ಮೊರೆತ ಏರಿದ ವಾರಗಳಲ್ಲಿ ಕಿವಿ ನಿಜವಾಗಿ ಕೆಟ್ಟಿತೋ ಇಲ್ಲವೋ ಎಂಬ ಪ್ರಶ್ನೆಗೆ ಆ ಗೆರೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿಯೇ ಶ್ರವಣತಜ್ಞರು ಉತ್ತರ ಹೇಳುತ್ತಾರೆ, ಪ್ಲಗ್‌ನ ಫಿಲ್ಟರ್ ಬದಲಿಸಬೇಕೇ ಎಂಬುದನ್ನೂ ಅದೇ ಭೇಟಿಯಲ್ಲಿ ನಿರ್ಧರಿಸುತ್ತೇವೆ.